ಊರಿನ ಆರೋಗ್ಯ ಕಾರ್ಯಕರ್ತೆಯ ತರಬೇತಿ: ಅದರ ವೆಚ್ಚ ಯಾರ ಸಲುವಾಗಿ?



ಬಿತ್ತನೆಯ ಬೀಜವನ್ನು ಕೊಳ್ಳುವಾಗ ನೀವು ಲೆಕ್ಕ ನೋಡುತ್ತೀರಿ. ಆದರೆ ಜಿಪುಣತನ ಮಾಡುವುದಿಲ್ಲ. ಬೀಜ ಜೊಳ್ಳಾದರೆ ಗೊಬ್ಬರ, ನೀರು, ದುಡಿಮೆ ಎಲ್ಲವೂ ವ್ಯರ್ಥವೆಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರಿನ ಆರೋಗ್ಯಕ್ಕೂ ಇಂಥದೇ ಒಂದು ಬಿತ್ತನೆ ಇದೆ. ನಿಮ್ಮ ನಡುವೆಯೇ ವಾಸಿಸುವ ಆರೋಗ್ಯ ಕಾರ್ಯಕರ್ತೆಗೆ ದೊರೆಯುವ ತರಬೇತಿಯೇ ಅದು. ಆ ತರಬೇತಿ ಎಂಥದು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ, ಅದು ತಪ್ಪಿದರೆ ಏನಾಗುತ್ತದೆ, ಈ ವಿಷಯದಲ್ಲಿ ಗಂಡ ಹೆಂಡಿರು ಮಾಡಬಹುದಾದುದೇನು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಒಂದು ಮನೆಯ ಸಂಗತಿ

ನಾನು ಘಟ್ಟದ ಅಂಚಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದಾಗ ನಡೆದ ಸಂಗತಿಯಿದು. ಹಳ್ಳದಾಚೆಯ ಒಂದು ಪುಟ್ಟ ಹಳ್ಳಿಯ ಹೆಣ್ಣುಮಗಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಚೊಚ್ಚಲ ಕೂಸು. ಮೂರನೆಯ ದಿನ ತಾಯಿ ಮಗು ಮನೆಗೆ ಬಂದರು. ಆ ಹಳ್ಳಿಗೆ ನಾಲ್ಕು ತಿಂಗಳ ಹಿಂದೆಯಷ್ಟೇ ಹೊಸ ಆಶಾ ಕಾರ್ಯಕರ್ತೆಯ ಆಯ್ಕೆಯಾಗಿತ್ತು. ಆಕೆ ಶ್ರದ್ಧೆಯುಳ್ಳವಳು. ಬಾಣಂತಿ ಬಂದ ದಿನವೂ, ಏಳನೆಯ ದಿನವೂ ಮನೆಗೆ ಹೋಗಿ ವಿಚಾರಿಸಿದ್ದಳು. ಏಳನೆಯ ದಿನ ಅಜ್ಜಿ ಹೇಳಿದ ಮಾತು: "ಕೂಸು ಚೆನ್ನಾಗಿದೆ, ತುಂಬ ನಿದ್ದೆ ಮಾಡುತ್ತದೆ." ಕಾರ್ಯಕರ್ತೆ ಅದನ್ನು ಹಾಗೆಯೇ ಪುಸ್ತಕದಲ್ಲಿ ಬರೆದುಕೊಂಡು ಹಿಂದಿರುಗಿದಳು.

ಒಂಬತ್ತನೆಯ ದಿನ ರಾತ್ರಿ ಕೂಸನ್ನು ನನ್ನ ಬಳಿಗೆ ತಂದರು. ಮೈ ತಣ್ಣಗಾಗಿತ್ತು. ಎರಡು ದಿನಗಳಿಂದ ಮೊಲೆ ಚೀಪುವುದನ್ನು ಬಿಟ್ಟಿತ್ತು. ಉಸಿರಾಡುವಾಗ ಎದೆ ಒಳಕ್ಕೆ ಸೆಳೆಯುತ್ತಿತ್ತು. ಮೊದಲ ಚಿಕಿತ್ಸೆ ನೀಡಿ, 108 ವಾಹನದಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆ. ಕೂಸು ದಾರಿಯಲ್ಲಿಯೇ ತೀರಿಕೊಂಡಿತು.

ಮೂರು ದಿನಗಳ ನಂತರ ಆ ಕಾರ್ಯಕರ್ತೆ ಬಂದು ನನ್ನ ಮೇಜಿನ ಮುಂದೆ ನಿಂತು ಹೇಳಿದಳು: "ಡಾಕ್ಟರೇ, ಹಾಲು ಬಿಟ್ಟು ಮಲಗುವುದು ಅಪಾಯದ ಗುರುತು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಾನೇ ಎತ್ತಿಕೊಂಡು ಬರುತ್ತಿದ್ದೆ."

ನನ್ನಲ್ಲಿ ಉತ್ತರವಿರಲಿಲ್ಲ. ಆಕೆಗೆ ನವಜಾತ ಶಿಶುವಿನ ಆರೈಕೆಯ ತರಬೇತಿ ಇನ್ನೂ ಆಗಿರಲಿಲ್ಲ. ಒಂದು ತಂಡಕ್ಕೆ ಸುಮಾರು ಮೂವತ್ತು ಮಂದಿ ಸೇರಬೇಕು; ನಮ್ಮ ಭಾಗದಲ್ಲಿ ಹೊಸಬರು ಏಳೇ ಮಂದಿ ಇದ್ದರು. ತಂಡ ತುಂಬಿದ ಮೇಲೆ, ಹಣ ಬಿಡುಗಡೆಯಾದ ಮೇಲೆ ಕರೆಯುತ್ತಾರೆಂದು ಕಾದೆವು. ಪಟ್ಟಿಯನ್ನು ಮೇಲಕ್ಕೆ ಕಳುಹಿಸಿ ಕೈಕಟ್ಟಿ ಕುಳಿತವರಲ್ಲಿ ನಾನೂ ಒಬ್ಬ. ಪಕ್ಕದ ತಾಲ್ಲೂಕಿನಲ್ಲಿ ತಂಡವೊಂದು ನಡೆಯಲಿದೆಯೇ ಎಂದು ಕೇಳುವುದಕ್ಕೆ ಒಂದು ದೂರವಾಣಿ ಕರೆ ಸಾಕಾಗಿತ್ತು. ಆ ಕರೆಯನ್ನು ನಾನು ಮಾಡಿರಲಿಲ್ಲ.

ಆ ಹಳ್ಳಿಯಲ್ಲಿ ಕಾರ್ಯಕರ್ತೆ ಇದ್ದಳು. ಆಕೆಗೆ ಪುಸ್ತಕವಿತ್ತು, ಸೀರೆಯಿತ್ತು, ಸದ್ಭಾವನೆಯೂ ಇತ್ತು. ಇಲ್ಲದಿದ್ದುದು ಕೆಲವೇ ದಿನಗಳ ಕಲಿಕೆ.

ಆಶಾ ಎಂದರೆ ಯಾರು?

ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು 2005ರ ಏಪ್ರಿಲ್ 12ರಂದು ಆರಂಭವಾಯಿತು. ಅದರ ಮುಖ್ಯ ಅಂಗವಾಗಿ 'ಮಾನ್ಯತೆ ಪಡೆದ ಸಾಮಾಜಿಕ ಆರೋಗ್ಯ ಕಾರ್ಯಕರ್ತೆ', ಅಂದರೆ ಆಶಾ, ಎಂಬ ಹೆಸರಿನ ಕಾರ್ಯಕರ್ತೆಯರು ಬಂದರು. ಸಾಮಾನ್ಯವಾಗಿ ಸಾವಿರ ಜನಸಂಖ್ಯೆಗೆ ಒಬ್ಬಳು. ಗುಡ್ಡಗಾಡು ಮತ್ತು ಗಿರಿಜನ ಪ್ರದೇಶಗಳಲ್ಲಿ ಜನ ಕಡಿಮೆಯಿದ್ದರೂ ಒಂದು ವಸತಿಗೆ ಒಬ್ಬಳಂತೆ ನೇಮಿಸಲು ಅವಕಾಶವಿದೆ. ಆಕೆ ಅದೇ ಊರಿನ ನಿವಾಸಿಯಾಗಿರಬೇಕು. ಇಂದು ದೇಶದಲ್ಲಿ ಸುಮಾರು 10 ಲಕ್ಷ ಆಶಾ ಕಾರ್ಯಕರ್ತೆಯರಿದ್ದಾರೆ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇವರ ಸೇವೆಯನ್ನು ಗೌರವಿಸಿ ಪ್ರಶಸ್ತಿ ನೀಡಿತು.

ವೈದ್ಯನಿಗೂ ಆಕೆಗೂ ಇರುವ ವ್ಯತ್ಯಾಸವನ್ನು ಗಮನಿಸಿರಿ. ಎಂ.ಬಿ.ಬಿ.ಎಸ್. ವ್ಯಾಸಂಗಕ್ಕೆ ನಾಲ್ಕೂವರೆ ವರ್ಷ, ಅದರ ಮೇಲೆ ಆಸ್ಪತ್ರೆಯಲ್ಲಿ ಒಂದು ವರ್ಷದ ಅಭ್ಯಾಸ ಬೇಕು. ಉಪಕೇಂದ್ರದ ಸಹಾಯಕ ದಾದಿಗೆ ಎರಡು ವರ್ಷ ಬೇಕು. ಆಶಾ ಕಾರ್ಯಕರ್ತೆಗಾದರೋ, ಆರಂಭದಲ್ಲಿ ಎಂಟು ದಿನ, ಬಳಿಕ ಐದೈದು ದಿನಗಳ ನಾಲ್ಕು ಸುತ್ತು, ಅನಂತರ ಆಗಾಗ ಪುನರಭ್ಯಾಸ, ಇಷ್ಟು ಮಾತ್ರ ನಿಗದಿಯಾಗಿದೆ. ಹೀಗೆ ಅಲ್ಪ ವೆಚ್ಚದ್ದಾಗಿರುವುದೇ ಈ ತರಬೇತಿಗೆ ತೊಡಕಾಗಿದೆ. ಸಣ್ಣ ಬಾಬ್ತೆಂದು ಅದನ್ನು ಮುಂದೂಡುವುದು ಎಲ್ಲರಿಗೂ ಸುಲಭ. ಕಟ್ಟಡ ಅರ್ಧಕ್ಕೆ ನಿಂತರೆ ದಾರಿಹೋಕರ ಕಣ್ಣಿಗೂ ಬೀಳುತ್ತದೆ. ತರಬೇತಿ ನಿಂತರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಿಂದಿನ ಅನುಭವ ಹೇಳುವುದೇನು?

ಊರಿನವರಲ್ಲಿಯೇ ಒಬ್ಬರನ್ನು ಆರೋಗ್ಯ ಕಾರ್ಯಕ್ಕೆ ಸಿದ್ಧಪಡಿಸುವ ಆಲೋಚನೆ ಹೊಸದಲ್ಲ. 1975ರಲ್ಲಿ ಶ್ರೀವಾಸ್ತವ ಸಮಿತಿಯು ಇದನ್ನು ಶಿಫಾರಸು ಮಾಡಿತು. 1977ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರವು ಹಲವು ರಾಜ್ಯಗಳಲ್ಲಿ ಅಂಥ ಯೋಜನೆಯನ್ನು ಆರಂಭಿಸಿತು. ಕರ್ನಾಟಕವು ಆಗ ಅದಕ್ಕೆ ಸೇರಿರಲಿಲ್ಲ. ಆಯ್ಕೆಯಾದವರಿಗೆ ಮೂರು ತಿಂಗಳ ತರಬೇತಿ, ಆ ಅವಧಿಯಲ್ಲಿ ತಿಂಗಳಿಗೆ 200 ರೂಪಾಯಿ, ಅನಂತರ ತಿಂಗಳಿಗೆ 50 ರೂಪಾಯಿ ಗೌರವಧನ ಎಂದು ಗೊತ್ತುಮಾಡಲಾಗಿತ್ತು. ಇವರಿಗೆ ಮುಂದೆ 'ಗ್ರಾಮ ಆರೋಗ್ಯ ಮಾರ್ಗದರ್ಶಿ' ಎಂಬ ಹೆಸರು ಬಂದಿತು. ಆರಂಭ ಚೆನ್ನಾಗಿಯೇ ಇತ್ತು. ಆದರೆ ಆಯ್ಕೆಯಾದವರಲ್ಲಿ ಗಂಡಸರೇ ಹೆಚ್ಚು. ಅವರೊಡನೆ ತಾಯಂದಿರು ತಮ್ಮ ತೊಂದರೆಯನ್ನು ಬಿಚ್ಚಿ ಹೇಳುವುದು ಹೇಗೆ? ಮೊದಲ ತರಬೇತಿಯ ನಂತರ ಮತ್ತೆ ಕಲಿಸುವ, ಕೆಲಸವನ್ನು ನೋಡಿ ತಿದ್ದುವ ಏರ್ಪಾಡು ಸಡಿಲವಾಯಿತು. ಕಾಲಕ್ರಮದಲ್ಲಿ ಯೋಜನೆಯೇ ಸೊರಗಿಹೋಯಿತು.

ಇನ್ನೊಂದು ಕಡೆಯ ಅನುಭವ ಬೇರೆಯಾಗಿದೆ. ಮಹಾರಾಷ್ಟ್ರದ ಜಾಮಖೇಡದಲ್ಲಿ 1970ರಲ್ಲಿ ಡಾ. ರಜನಿಕಾಂತ್ ಅರೋಳೆ ಮತ್ತು ಡಾ. ಮೇಬಲ್ ಅರೋಳೆ ದಂಪತಿಗಳು ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕ್ಕೆ ಸಿದ್ಧಗೊಳಿಸುವ ಕಾರ್ಯಕ್ಕೆ ತಳಹದಿ ಹಾಕಿದರು. ಆ ಹೆಂಗಸರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವರು ಪ್ರತಿ ವಾರ ಕೇಂದ್ರಕ್ಕೆ ಬಂದು ಕಲಿತರು. ಹಳ್ಳಿಯಲ್ಲಿ ಎದುರಾದ ತೊಡಕನ್ನು ಮುಂದಿನ ವಾರ ತಂದು ಕೇಳಿದರು. ಇದು ವರ್ಷಗಟ್ಟಲೆ ನಡೆಯಿತು. ಅಕ್ಷರವಿಲ್ಲದವರು ಕಲಿಯಲಾರರು ಎಂಬ ಮಾತು ಅಲ್ಲಿ ಸುಳ್ಳಾಯಿತು.

ಅದೇ ರಾಜ್ಯದ ಗಡಚಿರೋಲಿ ಜಿಲ್ಲೆ ಕಾಡು ಹೆಚ್ಚಾಗಿರುವ, ಆಸ್ಪತ್ರೆ ದೂರವಿರುವ ಪ್ರದೇಶ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಅಲ್ಲಿನ 39 ಹಳ್ಳಿಗಳ ಸ್ತ್ರೀಯರಿಗೆ ಹಸುಗೂಸಿನ ಆರೈಕೆಯನ್ನು ಕಲಿಸಿದರು. ತೂಕ ನೋಡುವುದು, ಮೈ ಬಿಸಿಯನ್ನು ಅಳೆಯುವುದು, ಉಸಿರನ್ನು ಎಣಿಸುವುದು, ಸೋಂಕನ್ನು ಗುರುತಿಸಿ ಚಿಕಿತ್ಸೆ ಕೊಡುವುದು, ಇವನ್ನು ಆ ಸ್ತ್ರೀಯರು ಮನೆಮನೆಯಲ್ಲಿ ಮಾಡತೊಡಗಿದರು. ಮೂರನೆಯ ವರ್ಷದ ಹೊತ್ತಿಗೆ ಹುಟ್ಟಿದ 28 ದಿನಗಳೊಳಗೆ ಸಾಯುವ ಶಿಶುಗಳ ಪ್ರಮಾಣವು ಹೋಲಿಕೆಯ ಹಳ್ಳಿಗಳಿಗಿಂತ ಶೇಕಡ 62ರಷ್ಟು ಇಳಿಯಿತು. ಈ ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಮುಂದೆ 2011ರಲ್ಲಿ ಭಾರತ ಸರ್ಕಾರವು ಆಶಾ ಕಾರ್ಯಕರ್ತೆಯರ ಮೂಲಕ ಶಿಶುವಿನ ಗೃಹಾಧಾರಿತ ಆರೈಕೆಯನ್ನು ದೇಶವ್ಯಾಪಿಯಾಗಿ ಕೈಗೊಂಡಿತು.

ಕಲಿಕೆ ಒಮ್ಮೆ ನಡೆದು ನಿಂತ ಕಡೆ ಕೆಲಸವೂ ನಿಂತಿತು. ಕಲಿಕೆ ಮುಂದುವರಿದ ಕಡೆ ಕೂಸುಗಳು ಉಳಿದವು. ಈ ಎರಡು ಅನುಭವಗಳಿಂದ ನಾವು ತಿಳಿಯಬೇಕಾದ ಪಾಠವಿದು.

ತರಬೇತಿಯ ಹಣ ಯಾವುದಕ್ಕೆ ಖರ್ಚಾಗುತ್ತದೆ?

"ಹೆಂಗಸರನ್ನು ಕೂರಿಸಿ ನಾಲ್ಕು ಮಾತು ಹೇಳುವುದಕ್ಕೆ ಹಣವೇಕೆ?" ಎಂದು ಕೆಲವರು ಕೇಳುವುದುಂಟು. ಅದರ ಬಾಬ್ತುಗಳು ಹೀಗಿವೆ:

ಒಂದು, ಕಲಿಸುವವರು. ಕಲಿಸುವವರಿಗೂ ಮೊದಲು ತರಬೇತಿ ಆಗಬೇಕು.

ಎರಡು, ದೂರದ ಹಳ್ಳಿಗಳಿಂದ ಬಂದವರ ಊಟ, ವಸತಿ, ಬಸ್ಸಿನ ಖರ್ಚು. ಸುರಕ್ಷಿತವಾದ ವಸತಿ ಇಲ್ಲದಿದ್ದರೆ ಹೆಣ್ಣುಮಕ್ಕಳನ್ನು ಯಾವ ಮನೆಯವರೂ ಕಳುಹಿಸುವುದಿಲ್ಲ.

ಮೂರು, ದಿನಭತ್ಯೆ. ಆಶಾ ಕಾರ್ಯಕರ್ತೆಯರಲ್ಲಿ ಅನೇಕರು ಕೂಲಿ ಮಾಡಿ ಬದುಕುವವರು. ಐದು ದಿನ ತರಬೇತಿಗೆ ಬಂದರೆ ಐದು ದಿನಗಳ ಕೂಲಿ ಹೋಗುತ್ತದೆ. ಅದನ್ನು ತುಂಬಿಕೊಡದೆ ಬಡವರ ಮನೆಯ ಹೆಣ್ಣುಮಗಳಿಂದ ಸೇವೆ ಬಯಸುವುದು ನ್ಯಾಯವಲ್ಲ.

ನಾಲ್ಕು, ಉಪಕರಣಗಳು. ತೂಕದ ಸಾಧನ, ಉಷ್ಣಮಾಪಕ, ಉಸಿರೆಣಿಸುವುದಕ್ಕೆ ಗಡಿಯಾರ, ಚಿತ್ರಪುಸ್ತಕ. ಗಡಿಯಾರವಿಲ್ಲದೆ ಉಸಿರೆಣಿಸುವುದನ್ನು ಕಲಿಸುವುದು ನೀರಿಲ್ಲದೆ ಈಜು ಕಲಿಸಿದಂತೆ.

ಐದು, ಕಲಿತುಹೋದ ಮೇಲೆ ಮನೆಮನೆಯಲ್ಲಿ ಆಕೆಯ ಜೊತೆಗೆ ಹೋಗಿ ಕೆಲಸವನ್ನು ತಿದ್ದುವ ಮೇಲ್ವಿಚಾರಣೆ ಮತ್ತು ಪುನರಭ್ಯಾಸ. ಹಣದ ಕೊರತೆ ಬಂದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಆದರೆ ಕಲಿತುದು ಕೈಗೆ ಹತ್ತುವುದು ಇದರಿಂದಲೇ.

ತರಬೇತಿ ಪಡೆದ ಕೈ ನಿಮ್ಮ ಮನೆಗೆ ತರುವುದೇನು?

ಮಾದರಿ ನೋಂದಣಿ ವ್ಯವಸ್ಥೆಯ ಅಂಕಿಗಳಂತೆ, 1971ರಲ್ಲಿ ಭಾರತದಲ್ಲಿ ಜೀವಂತವಾಗಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರ ಹೊತ್ತಿಗೆ ಈ ಸಂಖ್ಯೆ 28ಕ್ಕೆ ಇಳಿಯಿತು. ಲಸಿಕೆ, ಆಸ್ಪತ್ರೆಯ ಹೆರಿಗೆ, ಶುದ್ಧ ನೀರು, ತಾಯಂದಿರ ವಿದ್ಯಾಭ್ಯಾಸ ಎಲ್ಲವೂ ಇದಕ್ಕೆ ಕಾರಣ. ಆದರೆ ಆ 28ರಲ್ಲಿ 20 ಸಾವುಗಳು ಮೊದಲ 28 ದಿನಗಳಲ್ಲಿಯೇ ಸಂಭವಿಸಿದ್ದವು. ಆ ದಿನಗಳಲ್ಲಿ ಕೂಸು ಇರುವುದು ನಿಮ್ಮ ಮನೆಯ ಬಾಣಂತಿಯ ಕೋಣೆಯಲ್ಲಿ. ಅಲ್ಲಿಗೆ ದಿನವೂ ವೈದ್ಯನು ಬರಲಾರನು, ಆಶಾ ಬರಬಲ್ಲಳು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಕೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಭೇಟಿ ಕೊಡಬೇಕು. ಮನೆಯಲ್ಲಿ ಹೆರಿಗೆಯಾಗಿದ್ದರೆ ಮೊದಲ ದಿನವೂ ಬರಬೇಕು.

ತರಬೇತಿ ಪಡೆದ ಕಾರ್ಯಕರ್ತೆ ಈ ಗುರುತುಗಳನ್ನು ಹುಡುಕುತ್ತಾಳೆ. ನೀವೂ ಇವನ್ನು ತಿಳಿದಿರುವುದು ಅವಶ್ಯ: ಕೂಸು ಹಾಲು ಕುಡಿಯುವುದನ್ನು ಬಿಡುವುದು ಅಥವಾ ಚೀಪುವ ಬಲ ಕುಂದುವುದು, ಎಬ್ಬಿಸಿದರೂ ಏಳದಂತೆ ಮಂಕಾಗಿರುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುವುದು, ಎದೆ ಒಳಕ್ಕೆ ಸೆಳೆಯುವುದು, ಹೊಕ್ಕುಳಲ್ಲಿ ಕೀವು, ಅಂಗೈ ಅಂಗಾಲು ಹಳದಿಯಾಗುವುದು, ಸೆಳವು. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಕುಟುಂಬ ಕಲ್ಯಾಣದ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಎರಡು ಹೆರಿಗೆಗಳ ನಡುವೆ ಮೂರು ವರ್ಷಗಳ ಅಂತರವಿರಬೇಕೆಂದು ಗೋಡೆಯ ಮೇಲೆ ಬರೆದರೆ ಸಾಲದು. ನಿರೋಧ್, ಮಾಲಾ-ಎನ್ ಗುಳಿಗೆ, ವಂಕಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಇವುಗಳಲ್ಲಿ ಯಾವುದು ಯಾರಿಗೆ ಸರಿ ಎಂಬುದನ್ನು ಕಲಿತವಳೇ ಹೇಳಬೇಕು. ಆರು ತಿಂಗಳೊಳಗಿನ ಕೂಸಿಗೆ ಹಾಲೂಡುವ ತಾಯಿಗೂ, ರಕ್ತದ ಒತ್ತಡವುಳ್ಳವಳಿಗೂ ಮಾಲಾ-ಎನ್ ಸಲ್ಲದು. ಕಲಿಯದವಳು ಎಲ್ಲರಿಗೂ ಒಂದೇ ಪೊಟ್ಟಣವನ್ನು ಕೊಟ್ಟು ಹೋದಾಳು. ಅಷ್ಟಲ್ಲದೆ, ಹುಟ್ಟಿದ ಕೂಸು ಉಳಿಯುವುದೆಂಬ ಭರವಸೆ ಬಂದ ಮೇಲೆಯೇ ದಂಪತಿಗಳು ಚಿಕ್ಕ ಸಂಸಾರವನ್ನು ಮನಃಪೂರ್ವಕವಾಗಿ ಒಪ್ಪುತ್ತಾರೆ.

ಹಣ ಎಲ್ಲಿಂದ ಬರುತ್ತದೆ?

ಈ ತರಬೇತಿಯ ಹಣ ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ಬರುತ್ತದೆ. ಕರ್ನಾಟಕದಂಥ ರಾಜ್ಯಗಳಲ್ಲಿ ಅಭಿಯಾನದ ಪ್ರತಿ ರೂಪಾಯಿಯಲ್ಲಿ ಕೇಂದ್ರದ ಪಾಲು 60 ಪೈಸೆ, ರಾಜ್ಯದ ಪಾಲು 40 ಪೈಸೆ. ಎಷ್ಟು ಮಂದಿಗೆ, ಯಾವ ತರಬೇತಿ ಬೇಕು ಎಂಬ ಲೆಕ್ಕ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಕೆಳಗಿನಿಂದ ಬೇಡಿಕೆ ಹೋಗದಿದ್ದರೆ ಮೇಲೆ ಯಾರಿಗೂ ಕೊರತೆ ಕಾಣುವುದಿಲ್ಲ. ದೂರದ ಹಳ್ಳಿಗಳಿಗೆ ಇದರಿಂದಲೇ ಹೆಚ್ಚು ನಷ್ಟ: ಅಲ್ಲಿ ಕಾರ್ಯಕರ್ತೆಯರ ಸಂಖ್ಯೆ ಕಡಿಮೆ, ತಂಡ ತುಂಬುವುದು ತಡ, ಪ್ರಯಾಣದ ವೆಚ್ಚ ಹೆಚ್ಚು, ಕೇಳುವ ದನಿಯೂ ಸಣ್ಣದು. ಯಾರಿಗೆ ತರಬೇತಿ ಎಲ್ಲರಿಗಿಂತ ಮೊದಲು ಬೇಕೋ ಅವರಿಗೆ ಎಲ್ಲರಿಗಿಂತ ಕೊನೆಗೆ ದೊರೆಯುತ್ತದೆ.

ದಂಪತಿಗಳು ಮಾಡಬೇಕಾದುದು

ಒಂದು, ನಿಮ್ಮ ಆಶಾ ಕಾರ್ಯಕರ್ತೆಯನ್ನು ವಿಶ್ವಾಸದಿಂದ ಕೇಳಿರಿ: "ಅಕ್ಕಾ, ನಿನಗೆ ಯಾವ ಯಾವ ತರಬೇತಿ ಆಗಿದೆ? ಯಾವುದು ಬಾಕಿ ಇದೆ?" ಇದು ತಪ್ಪು ಹುಡುಕುವ ಪ್ರಶ್ನೆಯಾಗಬಾರದು, ಆಕೆಯ ಪರವಾಗಿ ನಿಲ್ಲುವ ಪ್ರಶ್ನೆಯಾಗಬೇಕು.

ಎರಡು, ಬಾಕಿ ಇರುವುದನ್ನು ಗ್ರಾಮಸಭೆಯಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿರಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಗೆ ಗಂಡ ಹೆಂಡತಿ ಇಬ್ಬರೂ ಹೋಗಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಗೂ ಅದರ ಪ್ರತಿಯನ್ನು ಕೊಡಿರಿ. ಬರಹದಲ್ಲಿ ಬಂದ ಬೇಡಿಕೆಯನ್ನು ನನ್ನಂಥ ವೈದ್ಯಾಧಿಕಾರಿಯು ಮೇಲಕ್ಕೆ ಕಳುಹಿಸಲೇಬೇಕಾಗುತ್ತದೆ.

ಮೂರು, ಗ್ರಾಮ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿಯ ಅವಕಾಶವಿದೆ. ಬಡ ಬಾಣಂತಿಯನ್ನು ತುರ್ತಾಗಿ ಸಾಗಿಸುವುದಕ್ಕೆ, ಊರಿನ ನೈರ್ಮಲ್ಯಕ್ಕೆ ಅದು ಒದಗಬೇಕು. ಅದರ ಲೆಕ್ಕ ಕೇಳುವ ಹಕ್ಕು ನಿಮ್ಮದು. ತರಬೇತಿ ಪಡೆದವಳು ಕೂಸಿನ ಅಪಾಯವನ್ನು ಗುರುತಿಸಿದ ಮೇಲೆ ವಾಹನವಿಲ್ಲದೆ ಕೂಸು ಉಳಿಯದೆ ಹೋಗಬಾರದು.

ನಾಲ್ಕು, ಗಂಡಸರಿಗೆ ಒಂದು ಮಾತು. ನಿಮ್ಮ ಮಡದಿಯೋ ಸೊಸೆಯೋ ಆಶಾ ಕಾರ್ಯಕರ್ತೆಯಾಗಿದ್ದರೆ ತರಬೇತಿಯ ದಿನಗಳಲ್ಲಿ ಒಲೆಯ ಚಿಂತೆಯನ್ನು ಆಕೆಯ ತಲೆಯಿಂದ ಇಳಿಸಿರಿ. ಸರ್ಕಾರ ಹಣ ಕೊಟ್ಟು, ಮನೆಯವರು ಬಿಡದಿದ್ದರೆ ಆ ಹಣವೂ ವ್ಯರ್ಥ.

ಮತ್ತೆ ಹಳ್ಳದಾಚೆಯ ಹಳ್ಳಿಗೆ

ಆ ಸಾವಿನ ನಂತರ ನಾನು ಮಾಡಬೇಕಾಗಿದ್ದ ಕರೆಯನ್ನು ಮಾಡಿದೆ. ಪಕ್ಕದ ತಾಲ್ಲೂಕಿನ ತಂಡದಲ್ಲಿ ಜಾಗವಿತ್ತು. ನಮ್ಮ ಏಳು ಮಂದಿಯೂ ಹೋದರು. ಆ ಕಾರ್ಯಕರ್ತೆಯ ಗಂಡನು ಅಡಿಕೆ ತೋಟದಲ್ಲಿ ಕೂಲಿ ಮಾಡುವವನು. "ಐದು ರಾತ್ರಿ ಹೊರಗಿರುವುದೆಂದರೆ ಹೇಗೆ?" ಎಂದು ಮೊದಲು ಹಿಂಜರಿದನು. ವಸತಿಯ ಏರ್ಪಾಡನ್ನು ತಿಳಿಸಿದ ಮೇಲೆ ಒಪ್ಪಿದನು. ಆ ಐದು ದಿನ ಮಕ್ಕಳಿಗೆ ಗಂಜಿ ಬೇಯಿಸಿದವನು ಅವನೇ.

ಮರುವರ್ಷದ ಮಳೆಗಾಲದಲ್ಲಿ ಅದೇ ಹಳ್ಳಿಯ ಇನ್ನೊಂದು ಮನೆಗೆ ಆಕೆ ಏಳನೆಯ ದಿನದ ಭೇಟಿಗೆ ಹೋದಳು. ಅಲ್ಲಿಯ ಅಜ್ಜಿಯೂ, "ಕೂಸು ಮಲಗಿದೆ, ಎಬ್ಬಿಸಬೇಡ" ಎಂದಳು. ಆಕೆ ಕೈತೊಳೆದು ಕೂಸಿನ ಬಟ್ಟೆ ಸರಿಸಿ, ಗಡಿಯಾರ ಹಿಡಿದು ಒಂದು ನಿಮಿಷ ಉಸಿರನ್ನೆಣಿಸಿದಳು. ಸಂಶಯ ಬಂದು ಇನ್ನೊಮ್ಮೆ ಎಣಿಸಿದಳು. ಎರಡು ಸಲವೂ ಅರವತ್ತನ್ನು ಮೀರಿತ್ತು. "ಅಮ್ಮಾ, ಇದು ನಿದ್ದೆಯಲ್ಲ" ಎಂದಳು. ಕೂಸನ್ನು ತಾಯಿಯ ಎದೆಗೆ ಅಪ್ಪಿಸಿ, ಮೇಲೆ ಕಂಬಳಿ ಹೊದಿಸಿ, ಹಾಲಿನ ವಾಹನವನ್ನು ನಿಲ್ಲಿಸಿ ನನ್ನ ಕೇಂದ್ರಕ್ಕೆ ಕರೆತಂದಳು. ಕೂಸು ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಹತ್ತು ದಿನವಿದ್ದು ಮನೆಗೆ ಮರಳಿತು.

ಈ ಎರಡು ಭೇಟಿಗಳಲ್ಲಿಯೂ ಕಾರ್ಯಕರ್ತೆ ಒಬ್ಬಳೇ. ಆಕೆಯ ಶ್ರದ್ಧೆಯೂ ಒಂದೇ. ನಡುವೆ ಆದ ಖರ್ಚು ಬಸ್ಸಿನ ಚೀಟಿ, ಊಟ, ವಸತಿ, ದಿನಭತ್ಯೆ, ಒಂದು ಗಡಿಯಾರ. ಆ ಖರ್ಚು ಒಂದು ವರ್ಷ ಮೊದಲೇ ಆಗಬೇಕಾಗಿತ್ತು. ನಿಮ್ಮ ಊರಿನಲ್ಲಿ ಅದು ತಡವಾಗದಂತೆ ನೋಡಿಕೊಳ್ಳಿರಿ.

ನೆನಪಿಡಬೇಕಾದ ಮಾತುಗಳು

1. ಕಾರ್ಯಕರ್ತೆಯ ನೇಮಕವಾದರೆ ಸಾಲದು. ತರಬೇತಿ ಆಗಬೇಕು, ಮತ್ತೆ ಮತ್ತೆ ಆಗಬೇಕು.
2. ದಿನಭತ್ಯೆ, ವಸತಿ, ಉಪಕರಣ, ಮೇಲ್ವಿಚಾರಣೆ, ಇವೆಲ್ಲವೂ ತರಬೇತಿಯ ಅಂಗಗಳೇ.
3. ಹಾಲು ಬಿಟ್ಟು ಮಂಕಾಗಿ ಮಲಗಿದ ಹಸುಗೂಸನ್ನು ಕೂಡಲೇ ಆಸ್ಪತ್ರೆಗೆ ಒಯ್ಯಿರಿ.
4. ಬಾಕಿ ಇರುವ ತರಬೇತಿಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿರಿ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಕಳೆದ ಒಂದು ವರ್ಷದಲ್ಲಿ ಯಾವ ತರಬೇತಿ ಆಗಿದೆ?
2. ಆಕೆಯ ಬಳಿ ತೂಕದ ಸಾಧನ, ಉಷ್ಣಮಾಪಕ, ಗಡಿಯಾರ ಸುಸ್ಥಿತಿಯಲ್ಲಿವೆಯೇ?
3. ರಾತ್ರಿಯ ವೇಳೆ ನಿಮ್ಮ ಊರಿನಿಂದ ಕೂಸನ್ನು ಆಸ್ಪತ್ರೆಗೆ ಒಯ್ಯಲು ಯಾವ ವಾಹನ ದೊರೆಯುತ್ತದೆ? ಅದರ ಖರ್ಚನ್ನು ಯಾರು ಕೊಡುತ್ತಾರೆ?